ನಾದದ ಪದರಗಳು: ವಿದ್ಯುನ್ಮಾನ ಸಂಗೀತ ಸಂಯೋಜನೆಯ ಮೊದಲ ಪಾಠ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ವಲಸೆ ಬರುತ್ತವೆ. ಸುಮಾರು 50 ಹೆಕ್ಟೇರ್ ವಿಸ್ತಾರದ ಈ ನೀರಾವರಿ ಕೆರೆ 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಬೆಳಗಿನ ಹೊತ್ತು ಕೆರೆಯ ದಂಡೆಯಲ್ಲಿ ನಿಂತವರಿಗೆ ಒಂದೇ ಸಮಯದಲ್ಲಿ ಹಲವು ಧ್ವನಿಗಳು ಕೇಳಿಸುತ್ತವೆ. ನೀರಿನ ನಡುವೆ ಹೆಬ್ಬಾತುಗಳ ತಗ್ಗಿದ ಕೂಗು, ಪೊದೆಯಲ್ಲಿ ಸಣ್ಣ ಹಕ್ಕಿಯ ಚೂಪಾದ ಸಿಳ್ಳು, ಬಯಲಿನ ಗಾಳಿ, ದೂರದ ರಸ್ತೆಯ ವಾಹನ. ಇವುಗಳಲ್ಲಿ ಒಂದು ಇನ್ನೊಂದನ್ನು ಪೂರ್ತಿ ಮುಚ್ಚಿಹಾಕುವುದಿಲ್ಲ. ಪ್ರತಿಯೊಂದಕ್ಕೂ ತನ್ನದೇ ಸ್ಥಾಯಿ, ತನ್ನದೇ ದೂರ, ತನ್ನದೇ ಕಾಲ ಇರುವುದೇ ಇದಕ್ಕೆ ಕಾರಣ.

ಗಣಕಯಂತ್ರದಲ್ಲಿ ಬಹುಪದರದ ಸಂಗೀತವನ್ನು ಕಟ್ಟುವ ವಿದ್ಯೆಯೂ ಇದೇ ಮೂರು ಅಂಶಗಳ ಮೇಲೆ ನಿಂತಿದೆ. ಆರಂಭಿಕರ ಸಂಯೋಜನೆ ಕಲಸಿದಂತೆ ಕೇಳಿಸುವುದಕ್ಕೆ ಉಪಕರಣಗಳ ಕೊರತೆಗಿಂತ ಈ ಮೂರರ ಅರಿವಿನ ಕೊರತೆಯೇ ಬಹುಪಾಲು ಕಾರಣವಾಗಿರುತ್ತದೆ.

ಭಾರತದಲ್ಲಿ ಹಿನ್ನೆಲೆ

ಈ ಸಂಗೀತ ಭಾರತಕ್ಕೆ ಹೊಸತೇನಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೋ ಆರಂಭವಾಯಿತು. ಬೆಂಗಳೂರಿನ ರಾಡೆಲ್ ಸಂಸ್ಥೆಯ ಸ್ಥಾಪಕ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ರೂಪಿಸಿದ ವಿದ್ಯುನ್ಮಾನ ಶ್ರುತಿ ಉಪಕರಣಗಳು ಮುಂದೆ ಸಾವಿರಾರು ಸಂಗೀತ ವಿದ್ಯಾರ್ಥಿಗಳ ಮನೆ ಸೇರಿದವು. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ವಾದ್ಯಯಂತ್ರಗಳಲ್ಲಿ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದರು. ಅಂದು ಹೆಚ್ಚು ಗಮನ ಸೆಳೆಯದ ಆ ಧ್ವನಿಮುದ್ರಿಕೆ 2010ರಲ್ಲಿ ಮರುಪ್ರಕಟವಾದಾಗ ಜಗತ್ತಿನ ನೃತ್ಯಸಂಗೀತ ಪ್ರಿಯರನ್ನು ಚಕಿತಗೊಳಿಸಿತು.

ಅಗತ್ಯವಿರುವ ಸಲಕರಣೆ

ಸಾಧಾರಣ ಗಣಕಯಂತ್ರ, ಕಿವಿಗೆ ಹಾಕಿಕೊಳ್ಳುವ ಒಳ್ಳೆಯ ಹೆಡ್‌ಫೋನ್ ಮತ್ತು ಒಂದು ತಂತ್ರಾಂಶ ಆರಂಭಕ್ಕೆ ಸಾಕು. ಧ್ವನಿಯನ್ನು ಮುದ್ರಿಸಿ ಕತ್ತರಿಸಲು ಅಡಾಸಿಟಿ, ಸ್ವರ ಮತ್ತು ತಾಳವನ್ನು ಜೋಡಿಸಲು ಎಲ್‌ಎಂಎಂಎಸ್ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶಗಳು. ಕೀಬೋರ್ಡ್ ಇದ್ದರೆ ಮಿಡಿ ವ್ಯವಸ್ಥೆಯ ಮೂಲಕ ಜೋಡಿಸಬಹುದು. 1983ರಲ್ಲಿ ಬಳಕೆಗೆ ಬಂದ ಮಿಡಿ, ಧ್ವನಿಯನ್ನು ಸಾಗಿಸುವುದಿಲ್ಲ. ಯಾವ ಮನೆ, ಎಷ್ಟು ಒತ್ತಡ, ಎಷ್ಟು ಹೊತ್ತು ಎಂಬ ಸೂಚನೆಯನ್ನಷ್ಟೇ ಸಾಗಿಸುತ್ತದೆ. ಆದ್ದರಿಂದ ಒಮ್ಮೆ ನುಡಿಸಿದ್ದನ್ನು ನಂತರ ಬೇರೆ ವಾದ್ಯದ ಧ್ವನಿಗೆ ಬದಲಿಸಲು ಸಾಧ್ಯ.

ಮನೆ ಒತ್ತಿದ ಮೇಲೆ ಧ್ವನಿ ತಡವಾಗಿ ಬರುತ್ತಿದ್ದರೆ ಬಫರ್ ಪ್ರಮಾಣವನ್ನು ನೋಡಬೇಕು. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ 1,024 ಮಾದರಿಗಳ ಬಫರ್ ಸುಮಾರು 21 ಮಿಲಿಸೆಕೆಂಡ್ ವಿಳಂಬ ತರುತ್ತದೆ. ಅದನ್ನು 256ಕ್ಕೆ ಇಳಿಸಿದರೆ ವಿಳಂಬ ಐದು ಮಿಲಿಸೆಕೆಂಡಿಗೆ ಇಳಿಯುತ್ತದೆ. ನುಡಿಸುವಾಗ ಕಡಿಮೆ, ಎಲ್ಲ ಪದರಗಳನ್ನು ಬೆರೆಸುವಾಗ ಹೆಚ್ಚು ಎಂಬುದು ರೂಢಿಯ ಕ್ರಮ.

ಮೊದಲ ಪದರ: ಶ್ರುತಿ

ಪದರಗಳ ಕಲ್ಪನೆ ಗದಗಿನ ನೆಲಕ್ಕೆ ಚಿರಪರಿಚಿತ. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಯಾರಿಗೇ ಆದರೂ ತಂಬೂರಿಯ ಮೇಲೆ ಸ್ವರ, ಅದರ ಜೊತೆಗೆ ತಬಲಾ, ಹಿಂದೆ ಹಾರ್ಮೋನಿಯಂ ಎಂಬ ಕ್ರಮವನ್ನು ವಿವರಿಸಬೇಕಾಗಿಲ್ಲ. ಗಣಕಯಂತ್ರದಲ್ಲಿಯೂ ತಂಬೂರಿಯ ನಾದದಿಂದ ಆರಂಭಿಸುವುದು ಸುಲಭ ಮಾರ್ಗ. ಆದರೆ ಸಂಪ್ರದಾಯ ಮತ್ತು ಯಂತ್ರ ಮುಖಾಮುಖಿಯಾಗುವ ನಿಜವಾದ ತೊಡಕು ಎದುರಾಗುವುದೂ ಇಲ್ಲಿಯೇ.

ತಂತ್ರಾಂಶದ ಕೀಬೋರ್ಡ್ ಸಾಮಾನ್ಯವಾಗಿ ಸ್ಥಾಯಿಯನ್ನು 12 ಸಮಭಾಗ ಮಾಡುತ್ತದೆ. ತಂಬೂರಿಯ ತಂತಿಯಿಂದ ಹೊಮ್ಮುವ ಗಾಂಧಾರವಾದರೋ ಷಡ್ಜದೊಂದಿಗೆ 5:4ರ ಸಹಜ ಅನುಪಾತದಲ್ಲಿರುತ್ತದೆ. ಲೆಕ್ಕದ ಅನುಕೂಲಕ್ಕೆ ಷಡ್ಜವನ್ನು 240 ಹರ್ಟ್ಜ್ ಎಂದಿಟ್ಟುಕೊಂಡರೆ ತಂಬೂರಿಯ ಗಾಂಧಾರ 300 ಹರ್ಟ್ಜ್. ಯಂತ್ರದ್ದು ಸುಮಾರು 302.4 ಹರ್ಟ್ಜ್. ಎರಡನ್ನೂ ಒಟ್ಟಿಗೆ ದೀರ್ಘವಾಗಿ ಹಿಡಿದರೆ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ಬಾರಿ ನಾದ ಅಲುಗಾಡುತ್ತದೆ. ಪಂಚಮದಲ್ಲಿ ಈ ವ್ಯತ್ಯಾಸ ಅರ್ಧ ಹರ್ಟ್ಜಿಗೂ ಕಡಿಮೆ ಇರುವುದರಿಂದ ಕಿವಿಗೆ ಅಷ್ಟಾಗಿ ತಾಕದು. ಹಿಂದೂಸ್ತಾನಿ ಅಭ್ಯಾಸವಿರುವವರು ತಮ್ಮ ಸಂಯೋಜನೆ ಕೇಳಿ "ಏನೋ ಸರಿಯಿಲ್ಲ" ಎಂದು ಕೈಬಿಡುವುದಕ್ಕೆ ಅನೇಕ ವೇಳೆ ಈ ಗಾಂಧಾರವೇ ಕಾರಣ. ತಪ್ಪಿರುವುದು ಅವರ ಕಿವಿಯಲ್ಲಿ ಅಲ್ಲ.

ಈ ವಿವಾದಕ್ಕೆ ಇತಿಹಾಸವೂ ಇದೆ. ಸ್ಥಿರ ಸ್ವರಗಳ ವಾದ್ಯವೆಂಬುದು ಮುಖ್ಯ ಆಕ್ಷೇಪವಾಗಿ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು. 1971ರಲ್ಲಿ ಆ ನಿಷೇಧ ಭಾಗಶಃ ಸಡಿಲಗೊಂಡಿತು. ಇಂದಿನ ಕಲಿಯುಗರಿಗೆ ನಿಷೇಧದ ಅಗತ್ಯವಿಲ್ಲ, ಪರಿಹಾರವಿದೆ. ಶುದ್ಧ ಗಾಂಧಾರದ ಪದರವನ್ನು ಪ್ರತ್ಯೇಕವಾಗಿಟ್ಟು 14 ಸೆಂಟ್‌ನಷ್ಟು ತಗ್ಗಿಸಬಹುದು (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಭಾಗ). ಸರ್ಜ್ ಎಕ್ಸ್‌ಟಿಯಂಥ ಉಚಿತ ಸಿಂಥಸೈಜರ್ ತಂತ್ರಾಂಶಗಳಲ್ಲಿ ಇಡೀ ಸ್ವರಶ್ರೇಣಿಯನ್ನೇ ಬದಲಿಸುವ ಅವಕಾಶವೂ ಇದೆ. ಆದರೆ ಒಂದೇ ಅಳತೆ ಎಲ್ಲ ರಾಗಗಳಿಗೆ ಹೊಂದದು. ಅಂತಿಮ ತೀರ್ಪು ಕಿವಿಯದೇ.

ತಾಳದ ಪದರಗಳು

ಸಂಕೀರ್ಣ ಲಯವೆಂದರೆ ಹೆಚ್ಚು ಪೆಟ್ಟುಗಳಲ್ಲ. ಬೇರೆ ಬೇರೆ ಉದ್ದದ ಆವರ್ತನಗಳ ಸಹಬಾಳ್ವೆ. ಒಂದು ಪದರದಲ್ಲಿ ತೀನ್‌ತಾಲದ 16 ಮಾತ್ರೆ, ಇನ್ನೊಂದರಲ್ಲಿ ಹಿಂದೂಸ್ತಾನಿ ರೂಪಕದ 7 ಮಾತ್ರೆ ಇಟ್ಟರೆ ಎರಡರ ಸಮ ಮತ್ತೆ ಕೂಡುವುದು 112 ಮಾತ್ರೆಗಳ ನಂತರ. ನಿಮಿಷಕ್ಕೆ 120 ಮಾತ್ರೆಯ ವೇಗದಲ್ಲಿ ಇದಕ್ಕೆ 56 ಸೆಕೆಂಡ್ ಬೇಕು. ಕೇವಲ ಎರಡು ಸಣ್ಣ ತುಣುಕುಗಳಿಂದ ಸುಮಾರು ಒಂದು ನಿಮಿಷ ಪುನರಾವರ್ತನೆಯಿಲ್ಲದ ಲಯ ದೊರೆಯುತ್ತದೆ. ಎಲ್ಲ ಪೆಟ್ಟುಗಳನ್ನೂ ಯಂತ್ರದ ಗೆರೆಗೆ ಸರಿಯಾಗಿ ಕೂರಿಸಿದರೆ ಲಯ ನಿರ್ಜೀವವಾಗುವುದರಿಂದ, ಕೆಲವು ಪೆಟ್ಟುಗಳನ್ನು ಕೆಲವೇ ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಸುವುದೂ ಅವುಗಳ ಒತ್ತನ್ನು ಬದಲಿಸುವುದೂ ಉಚಿತ.

ಬೆರೆಸುವ ಕ್ರಮ

ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಜ್‌ವರೆಗೆ ಕೇಳಬಲ್ಲದು. ಆದರೆ ಒಂದೇ ವಲಯದಲ್ಲಿ ಎರಡು ಧ್ವನಿಗಳು ಕೂಡಿದರೆ ಬಲವಾದದ್ದು ದುರ್ಬಲವಾದುದನ್ನು ಮರೆಮಾಚುತ್ತದೆ. ಆದ್ದರಿಂದ ಬೆರೆಸುವುದೆಂದರೆ ಮುಖ್ಯವಾಗಿ ಕಳೆಯುವ ಕೆಲಸ. ಷಡ್ಜ 240 ಹರ್ಟ್ಜ್ ಇದ್ದಾಗ ತಂಬೂರಿಯ ಖರಜದ ತಂತಿ 120ರಲ್ಲಿ ನುಡಿಯುತ್ತದೆ. ಅದಕ್ಕಿಂತ ಕೆಳಗಿರುವುದು ಬಹುತೇಕ ಗದ್ದಲ. 80 ಹರ್ಟ್ಜ್‌ಗಿಂತ ಕೆಳಗಿನ ಭಾಗವನ್ನು ಶೋಧಕದಿಂದ ತೆಗೆದರೆ 60 ಹರ್ಟ್ಜ್‌ನ ಮಂದ್ರ ಪದರಕ್ಕೂ ಡಗ್ಗಾದ ಗುಂಗಿಗೂ ಜಾಗ ಸಿಗುತ್ತದೆ. ಮೊಬೈಲ್ ಫೋನಿನ ಸಣ್ಣ ಸ್ಪೀಕರಿನಲ್ಲಿ ಈ ಮಂದ್ರ ಕೇಳಿಸುವುದೇ ಇಲ್ಲವಾದ್ದರಿಂದ ಪರೀಕ್ಷೆಗೆ ಹೆಡ್‌ಫೋನ್ ಬೇಕು.

ದೂರವನ್ನು ತೋರಿಸಲು ಮಾಗಡಿಯ ದಂಡೆಯೇ ಮಾದರಿ. ಹತ್ತಿರದ ಧ್ವನಿ ಜೋರು, ಚೂಪು ಮತ್ತು ಒಣ. ದೂರದ ಧ್ವನಿ ಮೆಲು, ಮಂಕು. ಹಿಂದಿರಬೇಕಾದ ಪದರಕ್ಕೆ ಪ್ರತಿಧ್ವನಿ ಸೇರಿಸಿ, ತಾರ ಭಾಗವನ್ನು ತಗ್ಗಿಸಿದರೆ ಅದು ತಾನಾಗಿ ಹಿಂದೆ ಸರಿಯುತ್ತದೆ. ಎಲ್ಲ ಪದರಗಳಿಗೂ ಪ್ರತಿಧ್ವನಿ ಹಾಕುವುದು ಆರಂಭಿಕರ ಸಾಮಾನ್ಯ ತಪ್ಪು. ಒಟ್ಟು ಧ್ವನಿಮಟ್ಟ ಗರಿಷ್ಠ ಮಿತಿಗಿಂತ ಆರು ಡೆಸಿಬೆಲ್ ಕೆಳಗಿದ್ದರೆ ಮುಂದಿನ ತಿದ್ದುಪಡಿಗೆ ಅವಕಾಶ ಉಳಿಯುತ್ತದೆ.

ಪರಿಸರದ ಧ್ವನಿ ಮತ್ತು ಹಕ್ಕುಗಳು

ಕೆರೆ, ಸಂತೆ, ಮಗ್ಗದ ಸದ್ದುಗಳನ್ನು ಮುದ್ರಿಸಿ ಪದರವಾಗಿ ಬಳಸುವುದು ಈ ಸಂಗೀತದ ಒಂದು ಸೊಗಸು. ಬೆಟಗೇರಿಯ ಕೈಮಗ್ಗದ ಲಾಳಿಯ ಓಟ ಒಂದು ಸಿದ್ಧ ತಾಳವೇ ಸರಿ. ಮೈಕ್ರೋಫೋನಿಗೆ ಸ್ಪಂಜಿನ ಹೊದಿಕೆ ಹಾಕಿದರೆ ಗಾಳಿಯ ಅಬ್ಬರ ಕಡಿಮೆಯಾಗುತ್ತದೆ. ಆದರೆ ಮಾಗಡಿಯಂಥ ಸಂರಕ್ಷಿತ ತಾಣದಲ್ಲಿ ಹಕ್ಕಿಗಳನ್ನು ಸೆಳೆಯಲು ಧ್ವನಿಮುದ್ರಿತ ಕೂಗು ನುಡಿಸುವುದಾಗಲಿ, ಹಾರಿಸಲು ಗದ್ದಲ ಮಾಡುವುದಾಗಲಿ ಸಲ್ಲದು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗಳಿಗೆ ಆ ಕೆರೆ ವಿಶ್ರಾಂತಿಯ ನೆಲೆ.

ಹೆಸರಾಂತ ಗಾಯಕರ ಧ್ವನಿಮುದ್ರಿಕೆಯ ತುಣುಕನ್ನು ಕತ್ತರಿಸಿ ಬಳಸಿ ಪ್ರಕಟಿಸುವವರು ಕಾನೂನನ್ನೂ ಅರಿಯಬೇಕು. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಅನುಮತಿ ಪಡೆಯುವುದು ಇಲ್ಲವೇ ತಾವೇ ಹಾಡಿ, ನುಡಿಸಿ ಮುದ್ರಿಸಿಕೊಳ್ಳುವುದು ಲೇಸು.

ಅಭ್ಯಾಸದ ದಾರಿ

ಮೊದಲ ವಾರ ಶ್ರುತಿ ಮತ್ತು ಒಂದೇ ಸ್ವರಪಂಕ್ತಿ, ಎರಡನೆಯ ವಾರ ಒಂದು ತಾಳ, ಮೂರನೆಯ ವಾರ ಮಂದ್ರ, ನಾಲ್ಕನೆಯ ವಾರ ಪರಿಸರದ ಧ್ವನಿ ಎಂದು ಮುಂದುವರಿದರೆ ತಿಂಗಳಲ್ಲಿ ಎರಡು ನಿಮಿಷದ ಒಂದು ಪೂರ್ಣ ರಚನೆ ಸಿದ್ಧವಾಗಬಲ್ಲದು. ಹೊಸ ಪದರ ಸೇರಿಸಿದಾಗಲೆಲ್ಲ ಅದನ್ನು ಮೌನಗೊಳಿಸಿ ಮತ್ತೊಮ್ಮೆ ಕೇಳಬೇಕು. ಅದಿಲ್ಲದೆಯೂ ರಚನೆ ಅಷ್ಟೇ ಚೆನ್ನಾಗಿದ್ದರೆ ಆ ಪದರವನ್ನು ತೆಗೆದುಬಿಡುವುದು ಒಳಿತು. ಮುಗಿಯದ ಇಪ್ಪತ್ತು ತುಣುಕುಗಳಿಗಿಂತ ಮುಗಿದ ಒಂದು ಚಿಕ್ಕ ರಚನೆ ಹೆಚ್ಚು ಕಲಿಸುತ್ತದೆ.