ಚಾಳಿನ ಮರುನಿರ್ಮಾಣ ಮತ್ತು ನಿವಾಸಿಗಳ ಮಾತು: ಮುಂಬಯಿಯ ಬಿ.ಡಿ.ಡಿ. ಚಾಳುಗಳ ಸಂದರ್ಭ

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಸೀಮೆಯ ಕನ್ನಡದಲ್ಲಿ ಸಾಲುಮನೆಗಳಿಗೆ ‘ಚಾಳ’ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಮುಂಬಯಿಯ ಗಿರಣಿ ಪ್ರದೇಶದಲ್ಲಿ ಈ ಮಾತು ಕಟ್ಟಡವೊಂದನ್ನು ಮಾತ್ರವಲ್ಲದೆ ಒಂದು ಜೀವನಕ್ರಮವನ್ನೇ ಸೂಚಿಸುತ್ತದೆ. ಅಲ್ಲಿನ ಸಾರ್ವಜನಿಕ ವಸತಿಯ ಅತ್ಯಂತ ದೊಡ್ಡ ಉದಾಹರಣೆಯಾದ ಬಿ.ಡಿ.ಡಿ. ಚಾಳುಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆ ರೂಪುಗೊಂಡಾಗ ನಿವಾಸಿಗಳ ಮಾತಿಗೆ ದೊರೆತ ಸ್ಥಾನವೇನು ಎಂಬುದನ್ನು ತಿಳಿಯಲು, ಆ ಚಾಳುಗಳು ಹುಟ್ಟಿದ ಬಗೆಯಿಂದಲೇ ಆರಂಭಿಸಬೇಕಾಗುತ್ತದೆ.

ಗವರ್ನರ್ ಜಾರ್ಜ್ ಲಾಯ್ಡ್‌ನ ಕಾಲದಲ್ಲಿ, 1920ರಲ್ಲಿ, ಬಾಂಬೆ ಡೆವಲಪ್‌ಮೆಂಟ್ ಡೈರೆಕ್ಟೊರೇಟ್ ಸ್ಥಾಪನೆಗೊಂಡಿತು. ಕಾರ್ಮಿಕರಿಗಾಗಿ 50,000 ಕೋಣೆಗಳನ್ನು ಕಟ್ಟುವುದು ಅದರ ಗುರಿಯಾಗಿತ್ತು. ನಗರಕ್ಕೆ ಬರುವ ಪ್ರತಿ ಹತ್ತಿಯ ಮೂಟೆಯ ಮೇಲೆ ಒಂದು ರೂಪಾಯಿಯ ಸುಂಕವನ್ನು ಇದಕ್ಕೆಂದು ವಿಧಿಸಲಾಯಿತು. ಕಟ್ಟಿದ್ದು ಮಾತ್ರ 207 ಕಟ್ಟಡಗಳು: ವರ್ಳಿಯಲ್ಲಿ 121, ನಾಯಗಾಂವ್‌ನಲ್ಲಿ 42, ಡಿಲಾಯ್ಲ್ ರಸ್ತೆಯಲ್ಲಿ (ಇಂದಿನ ನಾ. ಮ. ಜೋಶಿ ಮಾರ್ಗ) 32, ಶಿವಡಿಯಲ್ಲಿ 12. ನೆಲಮಹಡಿಯೂ ಸೇರಿ ನಾಲ್ಕು ಅಂತಸ್ತು, ಪ್ರತಿ ಅಂತಸ್ತಿನಲ್ಲಿ ನಡುಹಾದಿಯ ಎರಡೂ ಬದಿಗೆ ಒಟ್ಟು 20 ಕೋಣೆ, ಒಂದೊಂದು ಕೋಣೆ ಸುಮಾರು 160 ಚದರ ಅಡಿ, ಶೌಚಾಲಯ ಎಲ್ಲರಿಗೂ ಸೇರಿದ್ದು.

ಹೀಗೆ ಕಟ್ಟುವಾಗ ಕಾರ್ಮಿಕರನ್ನು ಯಾರೂ ಕೇಳಲಿಲ್ಲ. ಆದರೂ ಅವರು ಉತ್ತರ ಕೊಟ್ಟರೆನ್ನಬೇಕು. ಗಾಳಿ ಬೆಳಕು ಸಾಲದೆಂದು, ಬಾಡಿಗೆ ಹೆಚ್ಚೆಂದು, ಗಿರಣಿಗೆ ದೂರವೆಂದು ಜನ ಬರಲಿಲ್ಲ. 1920ರ ದಶಕದಲ್ಲಿ ವರ್ಳಿಯ ಅನೇಕ ಕೋಣೆಗಳು ಖಾಲಿ ಉಳಿದವು. ಒಳಗೆ ಬಾರದಿರುವುದೇ ನಿವಾಸಿಗಳು ಸೂಚಿಸಿದ ಮೊದಲ ಅಭಿಪ್ರಾಯ. ಕಾನೂನುಭಂಗ ಚಳವಳಿಯ ಕಾಲದಲ್ಲಿ ಇದೇ ವರ್ಳಿ ಚಾಳುಗಳನ್ನು ಸತ್ಯಾಗ್ರಹಿಗಳ ತಾತ್ಕಾಲಿಕ ಸೆರೆಮನೆಯಾಗಿಯೂ ಬಳಸಲಾಯಿತು.

ಮುಂದಿನ ದಶಕಗಳಲ್ಲಿ ಈ ಕಟ್ಟಡಗಳನ್ನು ಮನೆಯಾಗಿಸಿದವರು ಕೊಂಕಣ, ಸಾತಾರಾ, ಕೊಲ್ಹಾಪುರ ಮುಂತಾದ ಕಡೆಗಳಿಂದ ಬಂದ ಜನ. ಜನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿಯ ಅತ್ಯಂತ ಮಹತ್ವದ ಸಂಸ್ಥೆಯೆಂದರೆ ಊರಕೋಣೆ. ಒಂದು ಹಳ್ಳಿಯ ಗಂಡಸರೆಲ್ಲ ಸೇರಿ ಒಂದು ಕೋಣೆಯನ್ನು ಹಿಡಿಯುತ್ತಿದ್ದರು. ಪಾಳಿಯ ಮೇಲೆ ಮಲಗುತ್ತಿದ್ದರು. ಬಾಡಿಗೆ, ದೇವರ ವರ್ಗಣಿ, ಊರ ಜಾತ್ರೆಯ ಚಂದಾ ಎಲ್ಲವೂ ಅಲ್ಲಿಯೇ ಲೆಕ್ಕವಾಗುತ್ತಿದ್ದವು. ದಾಖಲೆಯಲ್ಲಿ ಒಬ್ಬನ ಹೆಸರಿದ್ದರೂ ಬಳಕೆಯಲ್ಲಿ ಆ ಕೋಣೆ ಇಡೀ ಊರಿನದು. ಗಿರಣಿಯವರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದ ಹೆಂಗಸರ ಖಾನಾವಳಿ, ಕುಸ್ತಿಯ ತಾಲೀಮು, ಭಜನಾ ಮಂಡಳಿ, ಗಣೇಶೋತ್ಸವ ಇವೆಲ್ಲವೂ ಇದೇ ಜಾಲದ ಭಾಗಗಳು. ಅಣ್ಣಾಭಾವೂ ಸಾಠೆ, ಅಮರ ಶೇಖರಂಥ ಶಾಹೀರರ ಹಾಡು ಕೇಳಿ ಬೆಳೆದ ಗಿರಣಿಗಾಂವ್‌ನ ಮೌಖಿಕ ಇತಿಹಾಸವನ್ನು ಮೀನಾ ಮೆನನ್ ಮತ್ತು ನೀರಾ ಅಡಾರಕರ್ 2004ರ ತಮ್ಮ ಗ್ರಂಥದಲ್ಲಿ ಕಾರ್ಮಿಕರ ಬಾಯಿಂದಲೇ ದಾಖಲಿಸಿದ್ದಾರೆ. ಈ ಬದುಕನ್ನು ಸೌಹಾರ್ದದ ಚಿತ್ರವಾಗಿಯಷ್ಟೇ ನೋಡುವುದು ತಪ್ಪು. 1974ರ ಆರಂಭದಲ್ಲಿ ವರ್ಳಿಯ ಚಾಳುಗಳಲ್ಲಿ ದಲಿತರ ಮೇಲೆ ನಡೆದ ಹಿಂಸೆಯೂ ಇದೇ ನಡುಹಾದಿಗಳ ಇತಿಹಾಸಕ್ಕೆ ಸೇರಿದೆ. ಸಾಮೂಹಿಕ ಶೌಚಾಲಯದ ಮುಂದೆ ಸರದಿ ನಿಂತ ಹೆಂಗಸಿಗೆ ಚಾಳಿನ ಆತ್ಮೀಯತೆಯ ವರ್ಣನೆ ರುಚಿಸದಿದ್ದರೆ ಆಶ್ಚರ್ಯವಿಲ್ಲ.

2016ರಲ್ಲಿ ಮಹಾರಾಷ್ಟ್ರ ಸರ್ಕಾರವು ಮರುನಿರ್ಮಾಣದ ಹೊಣೆಯನ್ನು ವಸತಿ ಪ್ರಾಧಿಕಾರವಾದ ಮ್ಹಾಡಾಕ್ಕೆ ಒಪ್ಪಿಸಿತು. 2017ರ ಏಪ್ರಿಲ್‌ನಲ್ಲಿ ವರ್ಳಿಯ ಜಾಂಬೂರಿ ಮೈದಾನದಲ್ಲಿ ಭೂಮಿಪೂಜೆ ನಡೆಯಿತು. 160 ಚದರ ಅಡಿಯ ಬಾಡಿಗೆದಾರನಿಗೆ 500 ಚದರ ಅಡಿಯ ಸ್ವಂತ ಮನೆ, ಉಚಿತವಾಗಿ. ಇದನ್ನು ಬೇಡವೆಂದವರು ಕಡಿಮೆ. ತಕರಾರು ಬೇರೆಡೆ ಇತ್ತು. ಮುಂಬಯಿಯ ಹಳೆಯ ಖಾಸಗಿ ಕಟ್ಟಡಗಳ ಮರುನಿರ್ಮಾಣಕ್ಕೆ ಬಾಡಿಗೆದಾರರ ಬಹುಮತದ ಲಿಖಿತ ಸಮ್ಮತಿ ಬೇಕಾಗುತ್ತದೆ, ಬಿ.ಡಿ.ಡಿ. ಚಾಳುಗಳಿಗೆ ಮಾತ್ರ ಸರ್ಕಾರವೇ ಯೋಜನೆಯನ್ನು ನಡೆಸುತ್ತದೆಂಬ ಕಾರಣದಿಂದ ಆ ಷರತ್ತನ್ನು ಕೈಬಿಡಲಾಯಿತು. ಸಮ್ಮತಿಯ ಬಾಗಿಲು ಮುಚ್ಚಿದ ಮೇಲೆ ನಿವಾಸಿಗಳ ಕೈಯಲ್ಲಿ ಉಳಿದದ್ದು ತಡೆಯುವ ಶಕ್ತಿ. ನಾಯಗಾಂವ್‌ನಲ್ಲಿಯೂ ನಾ. ಮ. ಜೋಶಿ ಮಾರ್ಗದಲ್ಲಿಯೂ ಸಮೀಕ್ಷೆಗೆ ವಿರೋಧ ಎದ್ದಿತು. ಕೋಣೆ ಬಿಡುವ ಮೊದಲೇ ಲಿಖಿತ ಕರಾರು ಬೇಕು, ಗಗನಚುಂಬಿ ಕಟ್ಟಡದ ನಿರ್ವಹಣಾ ವೆಚ್ಚಕ್ಕೆ ಮೂಲನಿಧಿ ಬೇಕು ಎಂಬ ಬೇಡಿಕೆಗಳು ಬಂದವು. ಇವು ಹಟದ ಬೇಡಿಕೆಗಳಲ್ಲ. ಲಿಫ್ಟು, ಪಂಪುಗಳ ಖರ್ಚನ್ನು ಹೊರಬೇಕಾದವರೇ ಕೇಳಿದ ಲೆಕ್ಕ. ಕರಾರಿನ ವಿಷಯದಲ್ಲಿ ಪ್ರಾಧಿಕಾರವು ಬಾಗಬೇಕಾಯಿತು.

ಇದೇ ನಗರದಲ್ಲಿ ಬೇರೊಂದು ರೀತಿಯೂ ಕಂಡುಬಂದಿತ್ತು. ಭಾಯಖಳಾದ ಪಾದಚಾರಿ ಮಾರ್ಗಗಳಲ್ಲಿ ವಾಸಿಸುತ್ತಿದ್ದ ಹೆಂಗಸರು ಸ್ಪಾರ್ಕ್ ಸಂಸ್ಥೆಯ ಒಡನಾಟದಲ್ಲಿ ಮಹಿಳಾ ಮಿಲನ್ ಎಂಬ ಸಂಘಟನೆಯನ್ನು ಕಟ್ಟಿಕೊಂಡು, 1980ರ ದಶಕದಲ್ಲಿ ತಮಗೆ ಬೇಕಾದ ಮನೆಯ ಪೂರ್ಣ ಅಳತೆಯ ಮಾದರಿಗಳನ್ನು ನಿಲ್ಲಿಸಿ ಪ್ರದರ್ಶಿಸಿದರು. 14 ಅಡಿ ಎತ್ತರದ, ಅಟ್ಟವಿರುವ ಮನೆ ಅವರ ಆಯ್ಕೆ. ನಕ್ಷೆ ಓದಲು ಬಾರದವರೂ ಮಾದರಿಯೊಳಗೆ ಹೊಕ್ಕು ಮಾತನಾಡಬಲ್ಲರು. ಬಿ.ಡಿ.ಡಿ.ಯಲ್ಲಿ ಮನೆಯ ಅಳತೆಯನ್ನು ಸರ್ಕಾರ ಘೋಷಿಸಿತು, ಯಾರ ಮನೆ ಎಲ್ಲಿ ಎಂಬುದನ್ನು ಚೀಟಿ ಎತ್ತುವಿಕೆ ನಿರ್ಧರಿಸಿತು. ಚೀಟಿಯಲ್ಲಿ ಪಕ್ಷಪಾತವಿಲ್ಲ, ನಿಜ. ಆದರೆ ಮೂರು ತಲೆಮಾರು ಎದುರುಬದುರಿದ್ದ ನೆರೆಹೊರೆಗೂ ಅದರಲ್ಲಿ ಗಣನೆಯಿಲ್ಲ. ಅರ್ಹತೆಯ ಪಟ್ಟಿಯು ಕೋಣೆಗೊಂದು ಹೆಸರನ್ನು ಕೇಳುತ್ತದೆ. ಊರಕೋಣೆಯ ಮೇಲೆ ಊರಿಗಿದ್ದ ಹಕ್ಕನ್ನು ಬರೆಯಲು ಆ ಪಟ್ಟಿಯಲ್ಲಿ ಅಂಕಣವೇ ಇಲ್ಲ. ಹೆಸರಿದ್ದವನ ಮಕ್ಕಳು ಮನೆಯ ಒಡೆಯರಾಗುತ್ತಾರೆ, ವರ್ಗಣಿ ಕೊಟ್ಟ ಉಳಿದವರ ಪಾಲು ಬಾಯಿಮಾತಿನಲ್ಲಿಯೇ ಉಳಿಯುತ್ತದೆ.

2025ರ ಆಗಸ್ಟ್‌ನಲ್ಲಿ ವರ್ಳಿಯ ಹೊಸ ಗೋಪುರಗಳಲ್ಲಿ ಮೊದಲ 556 ಮನೆಗಳ ಬೀಗದ ಕೈಗಳನ್ನು ವಿತರಿಸಲಾಯಿತು. ಬಂದರಿನ ಭೂಮಿಯ ಮೇಲಿರುವ ಶಿವಡಿಯ 12 ಚಾಳುಗಳು 2017ರ ಕಾಮಗಾರಿಯಲ್ಲಿ ಸೇರಿರಲಿಲ್ಲ.