ಅರೇ ಮತ್ತು ಪಾಯಿಂಟರ್ (ಸಿ ಭಾಷೆ)

ಅರೇ ಎಂದರೆ ಒಂದೇ ಬಗೆಯ ದತ್ತಾಂಶಗಳು ಮೆಮೊರಿಯಲ್ಲಿ ಒತ್ತೊತ್ತಾಗಿ ಕೂರುವ ಜಾಗ. ಪಾಯಿಂಟರ್ ಎಂದರೆ ವಿಳಾಸವೊಂದನ್ನು ಹಿಡಿದಿಡುವ ವೇರಿಯಬಲ್. ತಲಾ 4 ಬೈಟ್‌ನ 10 ಪೂರ್ಣಾಂಕಗಳಿರುವ ಅರೇಗೆ, ಗಾತ್ರ ಅಳೆಯುವ ‘ಸೈಜ್‌ಆಫ್’ ಹಾಕಿದರೆ 40 ಬರುತ್ತದೆ. 64 ಬಿಟ್ ಯಂತ್ರದ ಪಾಯಿಂಟರಿಗೆ ಸಾಮಾನ್ಯವಾಗಿ 8. ಪಾಯಿಂಟರಿಗೆ ಬೇರೆ ವಿಳಾಸ ಕೊಡಬಹುದು, ಅರೇ ಹೆಸರಿಗೆ ಕೊಡಲಾಗದು. ಹೆಚ್ಚಿನ ಕಡೆ ಅರೇ ಹೆಸರು ತನ್ನ ಮೊದಲ ಅಂಶದ ವಿಳಾಸವಾಗಿ ಮಾರ್ಪಡುವುದರಿಂದ ಎರಡೂ ಒಂದೇ ಎಂಬ ಗೊಂದಲ ಹುಟ್ಟುತ್ತದೆ. ಅರೇಯನ್ನು ಫಂಕ್ಷನ್‌ಗೆ ಕಳಿಸಿದಾಗಲೂ ಈ ವಿಳಾಸವಷ್ಟೇ ತಲುಪುತ್ತದೆ. ಹಾಗಾಗಿ ಅರೇಯ ಉದ್ದವನ್ನು ಬೇರೆಯಾಗಿಯೇ ಕಳಿಸಬೇಕು. ಸಿಯ ಪೂರ್ವಜ ‘ಬಿ’ ಭಾಷೆಯಲ್ಲಿ ಅರೇ ಹೆಸರೇ ವಿಳಾಸವಿಟ್ಟ ವೇರಿಯಬಲ್ ಆಗಿತ್ತು. ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಸಿಯನ್ನು ರೂಪಿಸುವಾಗ ಆ ವೇರಿಯಬಲ್ ಅನ್ನು ಕೈಬಿಟ್ಟರು.