ಮೈಸೂರು ಸಾಂಪ್ರದಾಯಿಕ ಚಿತ್ರಕಲೆ

ಹಳೆಯ ಮೈಸೂರು ಸೀಮೆಯಲ್ಲಿ ಬೆಳೆದ ಚಿತ್ರಶೈಲಿ. ದೇವದೇವತೆಗಳನ್ನೂ ಪುರಾಣ ಪ್ರಸಂಗಗಳನ್ನೂ ನೀರುಬಣ್ಣ ಮತ್ತು ಚಿನ್ನದ ರೇಕಿನಲ್ಲಿ ಬರೆಯುವುದು ಇದರ ಲಕ್ಷಣ. ಬೇರು ವಿಜಯನಗರದ್ದು. 1565ರ ತಾಳಿಕೋಟೆ ಯುದ್ಧದ ನಂತರ ಆಶ್ರಯ ತಪ್ಪಿದ ಚಿತ್ರಗಾರರು ದಕ್ಷಿಣಕ್ಕೆ ಚದುರಿದರು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು ಅವರಲ್ಲಿ ಕೆಲವರಿಗೆ ನೆಲೆ ಕೊಟ್ಟರು.

ಇಂದು ನಾವು ಗುರುತಿಸುವ ಮೈಸೂರು ಶೈಲಿ ಕುದುರಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರ (ಆಳ್ವಿಕೆ 1799–1868) ಕಾಲದಲ್ಲಿ. 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿತು. ಅಧಿಕಾರ ಹೋದರೂ ಅರಸರ ಕಲಾಪೋಷಣೆ ನಿಲ್ಲಲಿಲ್ಲ. ಅವರ ಆಶ್ರಯದಲ್ಲಿ ಸಿದ್ಧವಾದ ಸಚಿತ್ರ ಗ್ರಂಥ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳಲ್ಲಿ ದೇವತೆಗಳ ಬಣ್ಣ, ಆಯುಧ, ವಾಹನಗಳನ್ನು ಧ್ಯಾನಶ್ಲೋಕಗಳ ಸಮೇತ ವಿವರಿಸುತ್ತದೆ. ಚಿತ್ರಗಾರರಿಗೆ ಇದಕ್ಕಿಂತ ದೊಡ್ಡ ಕೈಪಿಡಿ ಇರಲಿಲ್ಲ.

ಶ್ರೀರಾಮ ಪಟ್ಟಾಭಿಷೇಕ ಈ ಶೈಲಿಯ ಅಚ್ಚುಮೆಚ್ಚಿನ ವಸ್ತು. ನಡುವೆ ಸಿಂಹಾಸನದಲ್ಲಿ ಸೀತಾರಾಮರು, ಸುತ್ತ ಛತ್ರ ಚಾಮರ ಹಿಡಿದ ತಮ್ಮಂದಿರು, ಪಾದದ ಬಳಿ ಹನುಮಂತ. ಹುಣಿಸೆಕಡ್ಡಿಯ ಇದ್ದಿಲಿನಿಂದ ಮೊದಲು ರೇಖೆ ಎಳೆದು, ಖನಿಜ ಮತ್ತು ಸಸ್ಯಮೂಲದ ಬಣ್ಣ ತುಂಬುತ್ತಿದ್ದರು. ಕಿರೀಟ, ಒಡವೆ, ಸೀರೆಯಂಚುಗಳಿಗೆ ಜೆಸ್ಸೊ ಕೆಲಸ: ಸಫೇದದ ಪುಡಿಗೆ ಹಳದಿ ಮರದಂಟು ಮತ್ತು ಗೋಂದು ಬೆರೆಸಿದ ಸರಿಯನ್ನು ಕುಂಚದ ತುದಿಯಲ್ಲಿ ಎಳೆದು, ಒಣಗಿದ ಮೇಲೆ ಅದರ ಮೇಲೆ ಚಿನ್ನದ ರೇಕು ಅಂಟಿಸಿ, ತೆಳುಕಾಗದ ಮುಚ್ಚಿ ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುವುದು. ಒಳ್ಳೆಯ ಚಿತ್ರದಲ್ಲಿ ಈ ಉಬ್ಬು ಬೆರಳಿಗೆ ತಾಗುವಷ್ಟೇ ಇರುತ್ತದೆ. ದಪ್ಪ ಉಬ್ಬು, ಗಾಜಿನ ಹರಳು ತಂಜಾವೂರಿನ ದಾರಿ. ಆ ಥಳಕು ಮೈಸೂರಿಗೆ ಒಗ್ಗುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ರವಿವರ್ಮನ ತೈಲಚಿತ್ರಗಳೂ ಅಗ್ಗದ ಅಚ್ಚುಚಿತ್ರಗಳೂ ದೇವರಮನೆಗೆ ನುಗ್ಗಿದವು. ಭಕ್ತಿ ಕಡಿಮೆಯಾಗಲಿಲ್ಲ, ಗಿರಾಕಿ ಕಡಿಮೆಯಾದ. ಅರಮನೆಯ ಚಿತ್ರಗಾರರ ಮನೆತನದಲ್ಲೇ ಹುಟ್ಟಿದ ಕೆ. ವೆಂಕಟಪ್ಪ (1886–1965) ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಆರಂಭಿಸಿದ, 1913ರಲ್ಲಿ ಪ್ರಕಟವಾದ ಪುರಾಣಕಥೆಗಳ ಪುಸ್ತಕಕ್ಕೆ ಅವರು ರಾಮಾಯಣದ ಪ್ರಸಂಗಗಳನ್ನು ನೀರುಬಣ್ಣದಲ್ಲಿ ಬರೆದುಕೊಟ್ಟರು. ಅಲ್ಲಿ ಚಿನ್ನವಿಲ್ಲ, ಮಂಜಿನಂಥ ತೆಳುಬಣ್ಣವಿದೆ.

ಈ ಶೈಲಿಗೆ ಈಗ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಪೋಸ್ಟರ್ ಬಣ್ಣ, ನಕಲಿ ರೇಕಿನ ಚಿತ್ರಗಳು ಮಾರುಕಟ್ಟೆಯಲ್ಲಿ ಧಾರಾಳ. ಹಳೆಯ ಅಸಲಿ ಕೃತಿಗಳನ್ನು ನೋಡಬಯಸುವವರು ಮೈಸೂರಿನ ಜಗನ್ಮೋಹನ ಅರಮನೆಗೆ ಅಥವಾ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಹೋಗಬೇಕು.